ಇಂಗ್ಲಿಷ್ ಪದದ ವರ್ಗವನ್ನು ಗುರುತಿಸುವ ಬಗೆ: ಕನ್ನಡದ ನೆರವಿನಿಂದ ಪಾರ್ಟ್ಸ್ ಆಫ್ ಸ್ಪೀಚ್

"ಹುಡುಗ ನಾಯಿಯನ್ನು ನೋಡಿದ" ಎಂದು ಬರೆದರೂ "ನಾಯಿಯನ್ನು ಹುಡುಗ ನೋಡಿದ" ಎಂದು ಬರೆದರೂ ನೋಡಿದವನು ಹುಡುಗನೇ. ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡದಿರುವುದಕ್ಕೆ ಕಾರಣ "ಅನ್ನು" ಎಂಬ ಪ್ರತ್ಯಯ. ವಾಕ್ಯದಲ್ಲಿ ತಾನು ಮಾಡುವ ಕೆಲಸದ ಗುರುತನ್ನು ಕನ್ನಡದ ಪದ ತನ್ನ ಬಾಲದಲ್ಲಿಯೇ ಹೊತ್ತುಕೊಂಡಿರುತ್ತದೆ. ಇಂಗ್ಲಿಷಿನಲ್ಲಿ "ದಿ ಬಾಯ್ ಸಾ ದಿ ಡಾಗ್" ಎಂಬುದನ್ನು "ದಿ ಡಾಗ್ ಸಾ ದಿ ಬಾಯ್" ಎಂದು ತಿರುಗಿಸಿದರೆ ನೋಡಿದ್ದು ನಾಯಿ ಎಂದಾಗಿಬಿಡುತ್ತದೆ. ಅಲ್ಲಿ ಪದಕ್ಕೆ ಅಂಥ ಬಾಲವಿಲ್ಲ. ಅದು ಕುಳಿತ ಜಾಗವೇ ಅದರ ಕೆಲಸವನ್ನು ಹೇಳಬೇಕು.

ಪಾರ್ಟ್ಸ್ ಆಫ್ ಸ್ಪೀಚ್, ಅಂದರೆ ಪದವರ್ಗಗಳು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟವಾಗುವುದು ಈ ಒಂದು ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳದೆ ಇರುವುದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. "ವ್ಯಕ್ತಿ, ಸ್ಥಳ, ವಸ್ತುವಿನ ಹೆಸರೇ ನೌನ್" ಎಂಬ ವ್ಯಾಖ್ಯೆಯನ್ನು ನಿದ್ದೆಯಲ್ಲಿಯೂ ಒಪ್ಪಿಸಬಲ್ಲ ವಿದ್ಯಾರ್ಥಿ, ವಾಕ್ಯವೊಂದನ್ನು ಮುಂದಿಟ್ಟ ಕೂಡಲೇ ತಡವರಿಸುತ್ತಾನೆ. ತಪ್ಪು ಅವನದಲ್ಲ. ಆ ವ್ಯಾಖ್ಯೆ ಅರ್ಥವನ್ನು ನೋಡು ಎನ್ನುತ್ತದೆ, ಇಂಗ್ಲಿಷ್ ಮಾತ್ರ ಜಾಗವನ್ನು ನೋಡು ಎನ್ನುತ್ತದೆ. ಈ ಮಾರ್ಗದರ್ಶಿಯಲ್ಲಿ ಹೆಜ್ಜೆಹೆಜ್ಜೆಯಾಗಿ ಜಾಗವನ್ನು ನೋಡುವ ಕ್ರಮವನ್ನೂ, ಸಂದೇಹ ಬಂದಾಗ ಕನ್ನಡದ ಪ್ರತ್ಯಯಗಳನ್ನೇ ಒರೆಗಲ್ಲಾಗಿ ಬಳಸುವ ಕ್ರಮವನ್ನೂ ವಿವರಿಸಿದ್ದೇನೆ.

ಎಂಟು ಎಂಬ ಲೆಕ್ಕದ ಹಿನ್ನೆಲೆ

ನೌನ್, ಪ್ರೊನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್‌ಜೆಕ್ಷನ್ ಎಂಬ ಎಂಟು ವರ್ಗಗಳನ್ನು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತಾರೆ. ಕನ್ನಡದಲ್ಲಿ ಇವನ್ನು ಕ್ರಮವಾಗಿ ನಾಮಪದ, ಸರ್ವನಾಮ, ಕ್ರಿಯಾಪದ, ಗುಣವಾಚಕ, ಕ್ರಿಯಾವಿಶೇಷಣ, ಉಪಸರ್ಗ, ಸಂಯೋಜಕ, ಭಾವಸೂಚಕ ಎನ್ನುವುದುಂಟು. ಎಂಟು ಎಂಬ ಸಂಖ್ಯೆ ಇಂಗ್ಲಿಷಿನೊಳಗಿಂದ ಹುಟ್ಟಿದ್ದಲ್ಲ. ಕ್ರಿಸ್ತಪೂರ್ವ 2ನೆಯ ಶತಮಾನದ ಗ್ರೀಕ್ ವೈಯಾಕರಣ ಡಯನೀಸಿಯಸ್ ಥ್ರಾಕ್ಸ್‌ನ ಹೆಸರಿನಲ್ಲಿ ಉಳಿದುಬಂದಿರುವ ವ್ಯಾಕರಣ ಗ್ರೀಕ್ ಭಾಷೆಗೆ ಎಂಟು ವರ್ಗಗಳನ್ನು ಹೇಳಿತು. ಅದರಲ್ಲಿ ಆರ್ಟಿಕಲ್ ಇತ್ತು, ಇಂಟರ್‌ಜೆಕ್ಷನ್ ಇರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಆರ್ಟಿಕಲ್ ಇಲ್ಲದ್ದರಿಂದ ರೋಮನ್ ವೈಯಾಕರಣರು ಅದನ್ನು ಬಿಟ್ಟು, ಇಂಟರ್‌ಜೆಕ್ಷನ್ನನ್ನು ಸೇರಿಸಿಕೊಂಡು ಲೆಕ್ಕವನ್ನು ಎಂಟರಲ್ಲಿಯೇ ಉಳಿಸಿದರು. ಇಂಗ್ಲಿಷ್ ವ್ಯಾಕರಣ ರೂಪುಗೊಂಡದ್ದು ಆ ಲ್ಯಾಟಿನ್ ಅಚ್ಚಿನಲ್ಲಿ. 1795ರಲ್ಲಿ ಪ್ರಕಟವಾಗಿ ದೀರ್ಘಕಾಲ ಶಾಲೆಗಳಲ್ಲಿ ನಡೆದ ಲಿಂಡ್ಲಿ ಮರೆಯವರ ವ್ಯಾಕರಣ ಆರ್ಟಿಕಲ್ಲನ್ನು ಪ್ರತ್ಯೇಕವಾಗಿ ಎಣಿಸಿ ಒಂಬತ್ತು ಎಂದಿತು. ಇಂದಿನ ವ್ಯಾಕರಣಗಳು "ಎ", "ದಿ", "ದಿಸ್", "ಮೈ", "ಸಮ್" ಮುಂತಾದವನ್ನು ಒಟ್ಟುಗೂಡಿಸಿ ಡಿಟರ್ಮಿನರ್ ಎಂದು ಬೇರೆ ವರ್ಗ ಮಾಡುತ್ತವೆ. ಕನ್ನಡ ವ್ಯಾಕರಣವಾದರೋ ನಾಮಪದ, ಕ್ರಿಯಾಪದ, ಅವ್ಯಯ ಎಂಬ ಮೂರು ದೊಡ್ಡ ವಿಭಾಗಗಳಲ್ಲಿ ಕೆಲಸ ಮುಗಿಸುತ್ತದೆ. ಆದ್ದರಿಂದ ಸಂಖ್ಯೆಗೆ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಪರೀಕ್ಷೆಗೆ ಎಂಟು ಸಾಕು, ಬರವಣಿಗೆಗೆ ಡಿಟರ್ಮಿನರ್ ಸೇರಿಸಿ ಒಂಬತ್ತು ಎಂದು ಇಟ್ಟುಕೊಂಡರೆ ಅನುಕೂಲ.

ಮೊದಲ ಹೆಜ್ಜೆ: ಅರ್ಥವನ್ನು ಬದಿಗಿಟ್ಟು ಜಾಗವನ್ನು ನೋಡಿ

ಅರ್ಥವೇ ಇಲ್ಲದ ಒಂದು ವಾಕ್ಯವನ್ನು ಕಟ್ಟಿಕೊಳ್ಳೋಣ: "ದಿ ಬ್ಲಿಕ್ಸ್ ಮಂಪ್ಡ್ ಎ ಗ್ರೋಫುಲ್ ಡ್ರಾಲ್." ಇದರಲ್ಲಿ "ದಿ", "ಎ" ಎಂಬವನ್ನು ಬಿಟ್ಟರೆ ಉಳಿದ ಪದಗಳಿಗೆ ಅರ್ಥವಿಲ್ಲವೆಂದೇ ಇಟ್ಟುಕೊಳ್ಳಿ. ಆದರೂ "ಬ್ಲಿಕ್ಸ್" ನಾಮಪದ ಎಂದು ಹೇಳಬಹುದು, ಏಕೆಂದರೆ ಅದು "ದಿ"ಯ ನಂತರ ಬಂದಿದೆ, ಕೊನೆಯಲ್ಲಿ ಬಹುವಚನದ "ಸ್" ಇದೆ. "ಮಂಪ್ಡ್" ಕ್ರಿಯಾಪದ, ಏಕೆಂದರೆ ನಾಮಪದದ ನಂತರ ಕುಳಿತಿದೆ, ಭೂತಕಾಲದ "ಡ್" ಹೊಂದಿದೆ. "ಎ" ಮತ್ತು "ಡ್ರಾಲ್" ನಡುವೆ ಸಿಕ್ಕಿಕೊಂಡಿರುವ "ಗ್ರೋಫುಲ್" ಗುಣವಾಚಕವೇ ಆಗಿರಬೇಕು. ಕನ್ನಡದಲ್ಲಿಯೂ "ಗುಬಣಿಗಳು ಚಿರ್ಪದಲ್ಲಿ ಮೊಳಪಿದವು" ಎಂದರೆ ಅರ್ಥ ತಿಳಿಯದೆಯೂ ಯಾವುದು ಕರ್ತೃ, ಯಾವುದು ಕ್ರಿಯೆ ಎಂದು ಹೇಳಬಲ್ಲೆವು. ನಾವು ಬಾಲಗಳನ್ನು ಮಾತ್ರ ನೋಡಿ ಹೇಳುತ್ತೇವೆ, ಇಂಗ್ಲಿಷ್ ಬಲ್ಲವರು ಜಾಗವನ್ನೂ ಅಲ್ಲಿರುವ ಕೆಲವೇ ಬಾಲಗಳನ್ನೂ ಸೇರಿಸಿ ನೋಡುತ್ತಾರೆ.

ಇದರಿಂದ ಹೊರಡುವ ನಿಯಮ ಇಷ್ಟು: ಒಂಟಿ ಪದವನ್ನು ತೋರಿಸಿ "ಇದು ಯಾವ ಪಾರ್ಟ್ ಆಫ್ ಸ್ಪೀಚ್" ಎಂದು ಕೇಳಿದರೆ, ಅನೇಕ ವೇಳೆ ಆ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. "ರೌಂಡ್" ಎಂಬ ಪದವನ್ನೇ ತೆಗೆದುಕೊಳ್ಳಿ. "ಎ ರೌಂಡ್ ಟೇಬಲ್" ಎಂದಾಗ ದುಂಡಗಿನ ಎಂಬ ಗುಣವಾಚಕ. "ದಿ ಫಸ್ಟ್ ರೌಂಡ್" ಎಂದಾಗ ಸುತ್ತು ಎಂಬ ನಾಮಪದ. "ರೌಂಡ್ ದಿ ಕಾರ್ನರ್" ಎಂದಾಗ ಪ್ರಿಪೊಸಿಷನ್. "ದಿ ವೀಲ್ ವೆಂಟ್ ರೌಂಡ್" ಎಂದಾಗ ಕ್ರಿಯಾವಿಶೇಷಣ. "ದಿ ಶಿಪ್ ರೌಂಡೆಡ್ ದಿ ಕೇಪ್" ಎಂದಾಗ ಬಳಸಿಕೊಂಡು ಹೋಯಿತು ಎಂಬ ಕ್ರಿಯಾಪದ. ಒಂದೇ ಪದ, ಐದು ಕೆಲಸ. ಪದವರ್ಗ ಎನ್ನುವುದು ಪದದ ಜಾತಿಯಲ್ಲ, ಅದು ಆ ವಾಕ್ಯದಲ್ಲಿ ವಹಿಸಿಕೊಂಡಿರುವ ಹೊಣೆ.

ಎರಡನೆಯ ಹೆಜ್ಜೆ: ಕ್ರಿಯಾಪದವನ್ನು ಹಿಡಿಯಿರಿ

ಯಾವ ವಾಕ್ಯವನ್ನು ಬಿಡಿಸುವಾಗಲೂ ಕ್ರಿಯಾಪದದಿಂದ ಆರಂಭಿಸಬೇಕು, ಅದು ಸಿಕ್ಕರೆ ಉಳಿದವು ತಾವಾಗಿಯೇ ಸಾಲಿಗೆ ಬರುತ್ತವೆ. "ಕೆಲಸವನ್ನು ಹೇಳುವ ಪದವೇ ಕ್ರಿಯಾಪದ" ಎಂಬ ವ್ಯಾಖ್ಯೆಯನ್ನು ನಂಬಿದರೆ "ಅರೈವಲ್", "ಡಿಸ್ಟ್ರಕ್ಷನ್" ಎಂಬ ನಾಮಪದಗಳೂ ಕ್ರಿಯಾಪದಗಳಂತೆ ಕಾಣುತ್ತವೆ. ಬರುವುದೂ ನಾಶವೂ ಕೆಲಸಗಳೇ ತಾನೆ. ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಕಾಲದ್ದು. ವಾಕ್ಯದ ಮೊದಲಿಗೆ "ಯೆಸ್ಟರ್‌ಡೇ" ಎಂದು ಸೇರಿಸಿ ಓದಿ, ಅನಂತರ "ಟುಮಾರೋ" ಎಂದು ಸೇರಿಸಿ ಓದಿ. ಯಾವ ಪದ ತನ್ನ ರೂಪವನ್ನು ಬದಲಿಸಲೇಬೇಕಾಗುತ್ತದೆಯೋ ಅದು ಕ್ರಿಯಾಪದ. "ಶಿ ಸಿಂಗ್ಸ್" ಎಂಬುದು ನಿನ್ನೆಗೆ "ಶಿ ಸ್ಯಾಂಗ್" ಆಗುತ್ತದೆ, ನಾಳೆಗೆ "ಶಿ ವಿಲ್ ಸಿಂಗ್" ಆಗುತ್ತದೆ. "ಅರೈವಲ್" ಎಂಬುದನ್ನು ಹಾಗೆ ಬದಲಿಸಲು ಬರುವುದಿಲ್ಲ.

ಕನ್ನಡಿಗರು ಇಲ್ಲಿ ಎಡವುವ ಮೊದಲ ಕಲ್ಲು, ಕ್ರಿಯಾಪದವೇ ಇಲ್ಲದ ನಮ್ಮ ವಾಕ್ಯಗಳು. "ನಾನು ಶಿಕ್ಷಕಿ", "ಅದು ನಮ್ಮ ಮನೆ" ಎಂಬವು ಕನ್ನಡದಲ್ಲಿ ಪೂರ್ಣ ವಾಕ್ಯಗಳು. ಇಂಗ್ಲಿಷಿನಲ್ಲಿ ಕ್ರಿಯಾಪದದ ಜಾಗ ಖಾಲಿ ಇರುವಂತಿಲ್ಲವಾದ್ದರಿಂದ "ಆ್ಯಮ್", "ಈಸ್", "ಆರ್" ಎಂಬವು ಅಲ್ಲಿ ಕುಳಿತು "ಐ ಆ್ಯಮ್ ಎ ಟೀಚರ್" ಎಂದಾಗುತ್ತದೆ. ಇವು ಯಾವ ಕೆಲಸವನ್ನೂ ಹೇಳುವುದಿಲ್ಲ, ಆದರೂ ನಿಜವಾದ ಕ್ರಿಯಾಪದಗಳು. ಕಾಲಕ್ಕೆ ತಕ್ಕಂತೆ "ವಾಸ್", "ವರ್" ಎಂದು ಬದಲಾಗುವುದೇ ಅದಕ್ಕೆ ಸಾಕ್ಷಿ.

ಎರಡನೆಯ ಕಲ್ಲು ನಿಷೇಧದ್ದು. "ಹಿ ಡಿಡ್ ನಾಟ್ ವೆಂಟ್" ಎಂದು ಬರೆಯುವವರು ಬಹಳ. ಭೂತಕಾಲದ ಗುರುತನ್ನು "ಡಿಡ್" ಎಂಬ ಸಹಾಯಕ ಕ್ರಿಯಾಪದ ಹೊತ್ತ ಮೇಲೆ ಮುಖ್ಯ ಕ್ರಿಯಾಪದ "ಗೋ" ಎಂಬ ಮೂಲರೂಪಕ್ಕೆ ಮರಳಬೇಕು. ಇದನ್ನು ನೆನಪಿಡಲು ಕನ್ನಡವೇ ದಾರಿ ತೋರಿಸುತ್ತದೆ: "ಹೋದ" ಎಂಬುದರ ನಿಷೇಧ "ಹೋಗಲಿಲ್ಲ" ಎಂದೇ ಹೊರತು "ಹೋದಲಿಲ್ಲ" ಎಂದು ಯಾರೂ ಹೇಳುವುದಿಲ್ಲ. ನಮ್ಮ ಭಾಷೆಯಲ್ಲಿಯೂ ನಿಷೇಧ ಬಂದೊಡನೆ ಮುಖ್ಯ ಕ್ರಿಯೆ ತನ್ನ ಭೂತಕಾಲದ ಗುರುತನ್ನು ಕಳಚಿಡುತ್ತದೆ. "ಹೋದಲಿಲ್ಲ" ಎಂದರೆ ಕಿವಿಗೆ ಎಷ್ಟು ಕರ್ಕಶವೋ "ಡಿಡ್ ನಾಟ್ ವೆಂಟ್" ಎಂಬುದೂ ಇಂಗ್ಲಿಷ್ ಬಲ್ಲವರ ಕಿವಿಗೆ ಅಷ್ಟೇ ಕರ್ಕಶ.

ಮೂರನೆಯದು "ಇಂಗ್" ಎಂದು ಕೊನೆಗೊಳ್ಳುವ ರೂಪ. ಇದನ್ನು ಕಂಡ ಕೂಡಲೇ ಕ್ರಿಯಾಪದ ಎಂದು ಬರೆಯಬಾರದು. "ಸ್ವಿಮ್ಮಿಂಗ್ ಈಸ್ ಗುಡ್ ಎಕ್ಸರ್‌ಸೈಜ್" ಎಂಬಲ್ಲಿ ಅದು ನಾಮಪದದ ಕೆಲಸ ಮಾಡುತ್ತಿದೆ. "ಹಿ ಈಸ್ ಸ್ವಿಮ್ಮಿಂಗ್" ಎಂಬಲ್ಲಿ "ಈಸ್" ಜೊತೆ ಸೇರಿ ಕ್ರಿಯಾಪದವಾಗಿದೆ. "ದಿ ಸ್ವಿಮ್ಮಿಂಗ್ ಬಾಯ್" ಎಂಬಲ್ಲಿ ಹುಡುಗನನ್ನು ಬಣ್ಣಿಸುವ ಗುಣವಾಚಕದ ಕೆಲಸ ಮಾಡುತ್ತಿದೆ. ಈ ಮೂರನ್ನು ಕನ್ನಡಕ್ಕೆ ತಿರುಗಿಸಿ ನೋಡಿ: ಮೊದಲನೆಯದು "ಈಜುವುದು", ಎರಡನೆಯದು "ಈಜುತ್ತಿದ್ದಾನೆ", ಮೂರನೆಯದು "ಈಜುತ್ತಿರುವ". ಇಂಗ್ಲಿಷ್ ಒಂದೇ ರೂಪದಲ್ಲಿ ಅಡಗಿಸಿಟ್ಟದ್ದನ್ನು ಕನ್ನಡ ಮೂರು ಪ್ರತ್ಯಯಗಳಲ್ಲಿ ಬಿಡಿಸಿ ತೋರಿಸುತ್ತದೆ. ಮುಂದಿನ ಹೆಜ್ಜೆಗಳಲ್ಲಿಯೂ ಈ ತಿರುಗಿಸಿ ನೋಡುವ ಉಪಾಯವನ್ನೇ ಮತ್ತೆ ಮತ್ತೆ ಬಳಸಲಿದ್ದೇವೆ.

ಮೂರನೆಯ ಹೆಜ್ಜೆ: ನಾಮಪದ, ಅದರ ಮುಂದಿನ ಕಾವಲುಗಾರ, ಅದರ ಬದಲಿಗ

ಕ್ರಿಯಾಪದ ಸಿಕ್ಕಿದ ಮೇಲೆ "ಯಾರು", "ಏನು", "ಯಾರನ್ನು", "ಏನನ್ನು" ಎಂದು ಅದನ್ನೇ ಕೇಳಿದರೆ ನಾಮಪದಗಳು ಸಿಗುತ್ತವೆ. ಸಿಕ್ಕ ಪದ ನಾಮಪದವೇ ಎಂದು ಖಚಿತಪಡಿಸಿಕೊಳ್ಳಲು ಅದಕ್ಕಿಂತ ಮೊದಲು "ದಿ" ಅಥವಾ "ಮೈ" ಇಟ್ಟು ನೋಡಬೇಕು. "ದಿ ಹ್ಯಾಪಿನೆಸ್", "ಮೈ ಡಿಸಿಷನ್" ಒಪ್ಪುತ್ತವೆ. "ದಿ ಡಿಸೈಡ್" ಒಪ್ಪುವುದಿಲ್ಲ. ಪದದ ಕೊನೆಯೂ ಸುಳಿವು ಕೊಡುತ್ತದೆ: "ನೆಸ್", "ಮೆಂಟ್", "ಷನ್", "ಇಟಿ", "ಶಿಪ್" ಎಂದು ಮುಗಿಯುವ ಪದಗಳಲ್ಲಿ ಹೆಚ್ಚಿನವು ನಾಮಪದಗಳು.

ವಚನದ ವಿಷಯದಲ್ಲಿ ಎಚ್ಚರ ಬೇಕು. ನಾವು "ಹತ್ತು ಪುಸ್ತಕ ತಂದೆ" ಎನ್ನುತ್ತೇವೆ. ಹತ್ತು ಎಂದ ಮೇಲೆ "ಗಳು" ಏಕೆ ಎಂಬುದು ಆಡುಮಾತಿನ ಕನ್ನಡದ ತರ್ಕ. ಇಂಗ್ಲಿಷ್ ಆ ರಿಯಾಯಿತಿ ಕೊಡುವುದಿಲ್ಲ, "ಟೆನ್ ಬುಕ್ಸ್" ಎಂದೇ ಆಗಬೇಕು. "ಒನ್ ಆಫ್ ಮೈ ಫ್ರೆಂಡ್" ಎಂಬ ತಪ್ಪಿನ ಬೇರೂ ಇಲ್ಲಿದೆ. ಅನೇಕರಲ್ಲಿ ಒಬ್ಬ ಎಂಬ ಅರ್ಥವಿರುವುದರಿಂದ "ಫ್ರೆಂಡ್ಸ್" ಎಂದು ಬರೆಯಬೇಕು. ಇದಕ್ಕೆ ವಿರುದ್ಧವಾಗಿ "ಇನ್ಫರ್ಮೇಷನ್", "ಫರ್ನಿಚರ್", "ಲಗೇಜ್", "ಅಡ್ವೈಸ್" ಎಂಬವನ್ನು ಇಂಗ್ಲಿಷ್ ನೀರು, ಹಿಟ್ಟುಗಳಂತೆ ಎಣಿಸಲಾಗದ ರಾಶಿಯೆಂದು ಕಾಣುವುದರಿಂದ ಅವುಗಳಿಗೆ "ಸ್" ಹತ್ತುವುದಿಲ್ಲ.

ಎಣಿಸಬಹುದಾದ ಏಕವಚನದ ನಾಮಪದಕ್ಕಿಂತ ಮೊದಲು ಸಾಮಾನ್ಯವಾಗಿ ಒಂದು ಡಿಟರ್ಮಿನರ್ ಕಾವಲು ನಿಂತಿರಲೇಬೇಕು. ಕನ್ನಡದಲ್ಲಿ "ನಾಯಿ ಬಂತು" ಎಂದರೆ ಯಾವುದೋ ಒಂದು ನಾಯಿ ಇರಬಹುದು, ನಾವಿಬ್ಬರೂ ಬಲ್ಲ ನಾಯಿಯೂ ಇರಬಹುದು; ಸಂದರ್ಭ ತಿಳಿಸುತ್ತದೆ. ಇಂಗ್ಲಿಷಿನಲ್ಲಿ ಮಾತನಾಡುವವನೇ ತೀರ್ಮಾನಿಸಬೇಕು. "ಒಂದು", "ಯಾವುದೋ ಒಂದು" ಎಂದು ಸೇರಿಸಿದರೆ ಅರ್ಥ ಕೆಡದಿದ್ದರೆ "ಎ"; "ಆ", "ಅದೇ" ಎಂದು ಸೇರಿಸಿದರೆ ಕೆಡದಿದ್ದರೆ "ದಿ" ಎಂಬುದು ಪೂರ್ಣ ನಿಯಮವಲ್ಲದಿದ್ದರೂ ಹೆಚ್ಚಿನ ಕಡೆ ಕೈಹಿಡಿಯುವ ಉಪಾಯ.

ಸರ್ವನಾಮದಲ್ಲಿ ನಾಲ್ಕು ಸಂಗತಿ ಮಾತ್ರ ಹೇಳಬೇಕಾದದ್ದಿದೆ. "ಬಂದೆ" ಎಂದರೆ ಕನ್ನಡದಲ್ಲಿ "ನಾನು" ಅದರೊಳಗೇ ಇದೆ, ಇಂಗ್ಲಿಷಿನಲ್ಲಿ "ಐ ಕೇಮ್" ಎಂದು ಎರಡನ್ನೂ ಹೇಳಬೇಕು. "ಮಳೆ ಬರುತ್ತಿದೆ" ಎಂಬಲ್ಲಿ ಕರ್ತೃವಿನ ಜಾಗ ತುಂಬಲೆಂದೇ "ಇಟ್ ಈಸ್ ರೇನಿಂಗ್" ಎಂದು ಯಾವುದನ್ನೂ ಸೂಚಿಸದ "ಇಟ್" ಬರುತ್ತದೆ. ಹಿರಿಯರನ್ನು ನಾವು "ಅವರು" ಎನ್ನುವ ಗೌರವದಿಂದ "ಮೈ ಫಾದರ್ ಕೇಮ್, ದೇ ಆರ್ ಸಿಟ್ಟಿಂಗ್ ಇನ್‌ಸೈಡ್" ಎಂದು ಬರೆದರೆ ಬಂದವರು ಹಲವರು ಎಂದಾಗುತ್ತದೆ. ಅಪ್ಪನೇ ಆದರೂ ಅಲ್ಲಿ "ಹಿ" ಎಂದೇ ಹೇಳಬೇಕು, ಅದರಲ್ಲಿ ಅಗೌರವವಿಲ್ಲ. "ನನ್ನ" ಎಂಬುದು "ಮೈ", "ನನ್ನದು" ಎಂಬುದು "ಮೈನ್". ಮೊದಲನೆಯದು ನಾಮಪದವನ್ನು ಬೇಡುವ ಡಿಟರ್ಮಿನರ್, ಎರಡನೆಯದು ಸ್ವತಂತ್ರ ಸರ್ವನಾಮ.

ನಾಲ್ಕನೆಯ ಹೆಜ್ಜೆ: ಗುಣವಾಚಕವೋ ಕ್ರಿಯಾವಿಶೇಷಣವೋ

ಗುಣವಾಚಕ ನಾಮಪದವನ್ನು ಬಣ್ಣಿಸುತ್ತದೆ, ಕ್ರಿಯಾವಿಶೇಷಣ ಕ್ರಿಯಾಪದವನ್ನೋ ಗುಣವಾಚಕವನ್ನೋ ಮತ್ತೊಂದು ಕ್ರಿಯಾವಿಶೇಷಣವನ್ನೋ ಬಣ್ಣಿಸುತ್ತದೆ ಎಂಬುದು ಸರಿ. ಆದರೆ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ, ಅದಕ್ಕೆ ಕಾರಣ "ಚೆನ್ನಾಗಿ" ಎಂಬ ನಮ್ಮ ಮುದ್ದಿನ ಪದ. "ಅವಳು ಚೆನ್ನಾಗಿ ಹಾಡಿದಳು" ಎಂದೂ ಹೇಳುತ್ತೇವೆ, "ಊಟ ಚೆನ್ನಾಗಿದೆ" ಎಂದೂ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ಹಾಡಿದ ಬಗೆಯನ್ನು ಹೇಳುವುದರಿಂದ "ಶಿ ಸ್ಯಾಂಗ್ ವೆಲ್" ಎಂಬ ಕ್ರಿಯಾವಿಶೇಷಣ. ಎರಡನೆಯದು ಊಟದ ಗುಣವನ್ನು ಹೇಳುವುದರಿಂದ "ದಿ ಫುಡ್ ಈಸ್ ಗುಡ್" ಎಂಬ ಗುಣವಾಚಕ. "ಈಸ್", "ಲುಕ್ಸ್", "ಫೀಲ್ಸ್", "ಸ್ಮೆಲ್ಸ್", "ಸೀಮ್ಸ್" ಎಂಬ ಕ್ರಿಯಾಪದಗಳು ಕರ್ತೃವನ್ನೂ ಅದರ ಗುಣವನ್ನೂ ಬೆಸೆಯುವ ಕೊಂಡಿಗಳಾಗಿರುವಾಗ ಅವುಗಳ ನಂತರ ಗುಣವಾಚಕವೇ ಬರುತ್ತದೆ. ಪರೀಕ್ಷೆ ಸುಲಭ: ಆ ಕ್ರಿಯಾಪದವನ್ನು ತೆಗೆದು "ಈಸ್" ಇಟ್ಟರೂ ವಾಕ್ಯ ನಿಂತರೆ ಗುಣವಾಚಕ ಬೇಕು. "ದಿ ರೋಸ್ ಸ್ಮೆಲ್ಸ್ ಸ್ವೀಟ್" ಎಂಬುದರಲ್ಲಿ "ಈಸ್ ಸ್ವೀಟ್" ಎಂದರೂ ನಿಲ್ಲುತ್ತದೆ.

"ಲಿ" ಎಂದು ಮುಗಿದದ್ದೆಲ್ಲ ಕ್ರಿಯಾವಿಶೇಷಣವೆಂದು ನಂಬಬೇಡಿ. "ಫ್ರೆಂಡ್ಲಿ", "ಲವ್ಲಿ", "ಲೋನ್ಲಿ" ಗುಣವಾಚಕಗಳು. ನಾಮಪದಕ್ಕೆ ಹತ್ತಿದ "ಲಿ" ಸಾಮಾನ್ಯವಾಗಿ ಗುಣವಾಚಕವನ್ನೂ, ಗುಣವಾಚಕಕ್ಕೆ ಹತ್ತಿದ "ಲಿ" ಕ್ರಿಯಾವಿಶೇಷಣವನ್ನೂ ಕೊಡುತ್ತದೆ ಎಂದು ನೆನಪಿಟ್ಟರೆ ಸಾಕು. ಇನ್ನು "ಹಾರ್ಡ್" ಎಂಬುದು ಎರಡೂ ವರ್ಗಗಳಲ್ಲಿ ಒಂದೇ ರೂಪದಲ್ಲಿದೆ. "ಹಿ ವರ್ಕ್ಸ್ ಹಾರ್ಡ್" ಎಂದರೆ ಶ್ರಮಪಟ್ಟು ದುಡಿಯುತ್ತಾನೆ. "ಹಿ ಹಾರ್ಡ್ಲಿ ವರ್ಕ್ಸ್" ಎಂದರೆ ದುಡಿಯುವುದೇ ಅಪರೂಪ. ಕೆಲಸದ ಅರ್ಜಿಯಲ್ಲಿ ಈ ಎರಡನ್ನು ಅದಲುಬದಲು ಮಾಡಿದರೆ ಆಗುವ ನಷ್ಟ ಸಣ್ಣದಲ್ಲ.

ಕನ್ನಡಕ್ಕೆ ತಿರುಗಿಸಿ ನೋಡುವ ಉಪಾಯ ಕೈಕೊಡುವ ಜಾಗವೂ ಇದೇ. "ನನಗೆ ಹಸಿವಾಗಿದೆ", "ನನಗೆ ಬಾಯಾರಿಕೆಯಾಗಿದೆ", "ನನಗೆ ಭಯವಾಗಿದೆ" ಎಂಬಲ್ಲೆಲ್ಲ ಕನ್ನಡದ ಹಸಿವು, ಬಾಯಾರಿಕೆ, ಭಯ ನಾಮಪದಗಳು, ನಾವು ಚತುರ್ಥಿ ವಿಭಕ್ತಿಯಲ್ಲಿದ್ದೇವೆ. ಇಂಗ್ಲಿಷಿನಲ್ಲಿ "ಐ" ಕರ್ತೃವಾಗಿ "ಹಂಗ್ರಿ", "ಥರ್ಸ್ಟಿ", "ಅಫ್ರೇಡ್" ಎಂಬ ಗುಣವಾಚಕಗಳು ಬರುತ್ತವೆ. "ಬೋರ್ ಆಗುತ್ತಿದೆ" ಎಂಬ ದಿನಬಳಕೆಯ ಮಾತಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಅದನ್ನು "ಐ ಆ್ಯಮ್ ಬೋರಿಂಗ್" ಎಂದು ತಿರುಗಿಸಿದರೆ "ನಾನು ಬೇಸರ ಹುಟ್ಟಿಸುವ ಮನುಷ್ಯ" ಎಂದಾಗುತ್ತದೆ. ಬೇಸರವನ್ನು ಉಂಟುಮಾಡುವುದು "ಬೋರಿಂಗ್", ಬೇಸರಕ್ಕೆ ಒಳಗಾದದ್ದು "ಬೋರ್ಡ್". "ಇಂಟರೆಸ್ಟಿಂಗ್" ಮತ್ತು "ಇಂಟರೆಸ್ಟೆಡ್", "ಕನ್‌ಫ್ಯೂಸಿಂಗ್" ಮತ್ತು "ಕನ್‌ಫ್ಯೂಸ್ಡ್" ಜೋಡಿಗಳೂ ಹಾಗೆಯೇ.

ಐದನೆಯ ಹೆಜ್ಜೆ: ಪ್ರಿಪೊಸಿಷನ್, ಅಂದರೆ ಮುಂದಕ್ಕೆ ಬಂದ ವಿಭಕ್ತಿ

ಕನ್ನಡಿಗರು ಅತ್ಯಂತ ಹೆಚ್ಚು ತಪ್ಪು ಮಾಡುವ ವರ್ಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. "ಮೈಸೂರಿನಿಂದ" ಎಂಬಲ್ಲಿ "ಇಂದ" ನಾಮಪದದ ಹಿಂಭಾಗಕ್ಕೆ ಅಂಟಿದೆ. "ಫ್ರಮ್ ಮೈಸೂರು" ಎಂಬಲ್ಲಿ ಅದೇ ಕೆಲಸ ಮಾಡುವ "ಫ್ರಮ್" ನಾಮಪದಕ್ಕಿಂತ ಮೊದಲು, ಬಿಡಿಪದವಾಗಿ ನಿಂತಿದೆ. ಪ್ರಿಪೊಸಿಷನ್ ಎಂಬ ಹೆಸರಿನ ಅರ್ಥವೂ ಮೊದಲು ಇಟ್ಟದ್ದು ಎಂದೇ. ಇಷ್ಟು ತಿಳಿದರೆ ಗುರುತಿಸುವುದು ಸುಲಭ; ಆಯ್ಕೆ ಮಾಡುವುದು ಕಷ್ಟ, ಏಕೆಂದರೆ ಕೆಲವೇ ವಿಭಕ್ತಿಗಳು ಮಾಡುವ ಕೆಲಸವನ್ನು ಇಂಗ್ಲಿಷ್ ಹತ್ತಾರು ಪದಗಳಿಗೆ ಹಂಚಿದೆ.

"ಇಂದ" ಎಂಬ ಒಂದನ್ನೇ ನೋಡಿ. ಮೈಸೂರಿನಿಂದ ಬಂದೆ ಎಂದರೆ "ಫ್ರಮ್". ಚಾಕುವಿನಿಂದ ಕತ್ತರಿಸಿದೆ ಎಂದರೆ "ವಿತ್". ಸೋಮವಾರದಿಂದ ಕಾಯುತ್ತಿದ್ದೇನೆ ಎಂದರೆ "ಸಿನ್ಸ್". ಎರಡು ವರ್ಷದಿಂದ ಇಲ್ಲಿದ್ದೇನೆ ಎಂದರೆ "ಫಾರ್". ಮಳೆಯಿಂದ ರಜೆ ಸಿಕ್ಕಿತು ಎಂದರೆ "ಬಿಕಾಸ್ ಆಫ್". ಮರದಿಂದ ಮಾಡಿದ ಗೊಂಬೆ ಎಂದರೆ "ಆಫ್". "ಸಿನ್ಸ್" ಮತ್ತು "ಫಾರ್" ನಡುವಿನ ಗೊಂದಲಕ್ಕೆ ಪರಿಹಾರ ಹೀಗಿದೆ: ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದ ಆರಂಭದ ಬಿಂದುವಾದರೆ "ಸಿನ್ಸ್", ಎಣಿಸಿ ಹೇಳುವ ಅವಧಿಯಾದರೆ "ಫಾರ್". "ಅಲ್ಲಿ" ಎಂಬುದೂ ಹೀಗೆಯೇ ಹಂಚಿಹೋಗಿದೆ: ಪೆಟ್ಟಿಗೆಯಲ್ಲಿ ಎಂದರೆ "ಇನ್", ಬಸ್ ನಿಲ್ದಾಣದಲ್ಲಿ ಎಂದರೆ "ಆ್ಯಟ್", ಟೀವಿಯಲ್ಲಿ ಎಂದರೆ "ಆನ್", ಬಸ್ಸಿನಲ್ಲಿ ಬಂದೆ ಎಂದು ವಾಹನವನ್ನು ಹೇಳುವಾಗ "ಬೈ".

ವಿಭಕ್ತಿಯಿದೆ ಎಂಬ ಕಾರಣಕ್ಕೆ ಎಲ್ಲೆಡೆ ಪ್ರಿಪೊಸಿಷನ್ ತುರುಕಬಾರದು. ಆ ವಿಷಯದ ಬಗ್ಗೆ ಚರ್ಚಿಸಿದೆವು ಎಂಬ ಕನ್ನಡದಿಂದ "ಡಿಸ್ಕಸ್ಡ್ ಅಬೌಟ್" ಹುಟ್ಟುತ್ತದೆ, ಊರಿಗೆ ತಲುಪಿದೆ ಎಂಬುದರಿಂದ "ರೀಚ್ಡ್ ಟು", ಅವಳ ಜೊತೆ ಮದುವೆಯಾದ ಎಂಬುದರಿಂದ "ಮ್ಯಾರೀಡ್ ವಿತ್" ಹುಟ್ಟುತ್ತದೆ. "ಡಿಸ್ಕಸ್", "ರೀಚ್", "ಮ್ಯಾರಿ" ಎಂಬ ಕ್ರಿಯಾಪದಗಳು ತಮ್ಮ ಕರ್ಮವನ್ನು ನೇರವಾಗಿಯೇ ಹಿಡಿಯುತ್ತವೆ, ನಡುವೆ ಯಾರೂ ಬೇಕಿಲ್ಲ.

ಗುರುತಿಸುವಾಗ ಉಳಿಯುವ ಇನ್ನೊಂದು ಸಂದೇಹ "ಅಪ್", "ಡೌನ್", "ಆಫ಼್" ಮುಂತಾದ ಸಣ್ಣ ಪದಗಳದು. "ಹಿ ವಾಕ್ಡ್ ಅಪ್ ದಿ ಹಿಲ್" ಎಂಬಲ್ಲಿ "ಅಪ್" ಗುಡ್ಡಕ್ಕೆ ಸೇರಿದೆ, ಆದ್ದರಿಂದ ಪ್ರಿಪೊಸಿಷನ್. "ಹಿ ಲುಕ್ಡ್ ಅಪ್ ದಿ ವರ್ಡ್" ಎಂಬಲ್ಲಿ ಅದು "ಲುಕ್ಡ್" ಜೊತೆ ಬೆರೆತು ನಿಘಂಟಿನಲ್ಲಿ ಹುಡುಕಿದ ಎಂಬ ಹೊಸ ಅರ್ಥ ಕೊಟ್ಟಿದೆ. ಪದವನ್ನು ನಾಮಪದದ ಆಚೆಗೆ ಸರಿಸಿ ನೋಡಿ: "ಲುಕ್ಡ್ ದಿ ವರ್ಡ್ ಅಪ್" ಸರಿಯಾಗಿ ನಿಲ್ಲುತ್ತದೆ, "ವಾಕ್ಡ್ ದಿ ಹಿಲ್ ಅಪ್" ಬಿದ್ದುಹೋಗುತ್ತದೆ. ಸರಿಸಲು ಬಂದರೆ ಅದು ಕ್ರಿಯಾಪದದ ಪಾಲು.

ಆರನೆಯ ಹೆಜ್ಜೆ: ಸಂಯೋಜಕ ಮತ್ತು ಭಾವಸೂಚಕ

"ರಾಮನೂ ಸೀತೆಯೂ" ಎಂದು ನಾವು ಪ್ರತಿ ಪದಕ್ಕೂ "ಊ" ಅಂಟಿಸುತ್ತೇವೆ; ಇಂಗ್ಲಿಷಿನ "ಆ್ಯಂಡ್" ಕೊನೆಯ ಪದಕ್ಕಿಂತ ಮೊದಲು ಒಮ್ಮೆ ಬಂದರೆ ಸಾಕು. "ಮಳೆ ಬಂದರೂ ಹೋದೆವು" ಎಂಬಲ್ಲಿ "ಬಂದರೂ" ಎಂಬುದೊಂದೇ ಎರಡು ವಾಕ್ಯಗಳನ್ನು ಕಟ್ಟುತ್ತದೆ. ಇಂಗ್ಲಿಷಿನಲ್ಲಿಯೂ "ಆಲ್ದೋ" ಒಂದೇ ಸಾಕು, ಅದರ ಜೊತೆ "ಬಟ್" ಸೇರಿಸುವುದು ಒಂದೇ ಕಂಬಕ್ಕೆ ಎರಡು ಹಗ್ಗ ಬಿಗಿದಂತೆ.

ಪ್ರಿಪೊಸಿಷನ್ನಿನಿಂದ ಸಂಯೋಜಕವನ್ನು ಬೇರ್ಪಡಿಸಲು ಅದರ ನಂತರ ಬಂದದ್ದೇನೆಂದು ನೋಡಬೇಕು. ಬರಿಯ ನಾಮಪದವಿದ್ದರೆ ಪ್ರಿಪೊಸಿಷನ್, ಕರ್ತೃವೂ ಕ್ರಿಯಾಪದವೂ ಇರುವ ಪೂರ್ಣ ಉಪವಾಕ್ಯವಿದ್ದರೆ ಸಂಯೋಜಕ, ಏನೂ ಇಲ್ಲದಿದ್ದರೆ ಕ್ರಿಯಾವಿಶೇಷಣ. "ಬಿಫೋರ್ ಲಂಚ್", "ಬಿಫೋರ್ ವಿ ಈಟ್", "ಐ ಹ್ಯಾವ್ ಸೀನ್ ಹಿಮ್ ಬಿಫೋರ್" ಎಂಬವು ಈ ಮೂರಕ್ಕೂ ಉದಾಹರಣೆ. ನಮ್ಮ "ಮುಂಚೆ" ಎಂಬ ಪದವೂ "ಊಟಕ್ಕೆ ಮುಂಚೆ", "ಊಟ ಮಾಡುವ ಮುಂಚೆ", "ಅವನನ್ನು ಮುಂಚೆ ನೋಡಿದ್ದೇನೆ" ಎಂದು ಇವೇ ಮೂರು ಜಾಗಗಳಲ್ಲಿ ಕುಳಿತುಕೊಳ್ಳುತ್ತದೆ ಎಂಬುದನ್ನು ಗಮನಿಸಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಭಾವಸೂಚಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. "ಓ", "ಅಲಾಸ್", "ವಾವ್" ಎಂಬವು ವಾಕ್ಯದ ಕಟ್ಟಡದ ಹೊರಗೆ ನಿಲ್ಲುತ್ತವೆ, ತೆಗೆದರೂ ವಾಕ್ಯ ಅಲುಗದು. ನಮ್ಮ "ಅಯ್ಯೋ" ಕೂಡ 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಸ್ಥಾನ ಪಡೆದು ಈ ವರ್ಗಕ್ಕೆ ಸೇರಿತು.

ಏಳನೆಯ ಹೆಜ್ಜೆ: ಸಂದೇಹ ಉಳಿದ ಪದವನ್ನು ಕನ್ನಡಕ್ಕೆ ತಿರುಗಿಸಿ, ಗಟ್ಟಿಯಾಗಿ ಓದಿ

ಎಲ್ಲ ಪರೀಕ್ಷೆಗಳ ನಂತರವೂ ತೊಡಕು ಕೊಡುವ ಪದ "ದಟ್". ಇದನ್ನು ಕನ್ನಡಕ್ಕೆ ತಿರುಗಿಸಿದರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. "ದಟ್ ಬುಕ್" ಎಂಬಲ್ಲಿ ಅದು "ಆ", ಹಾಗಾಗಿ ಡಿಟರ್ಮಿನರ್. "ದಟ್ ಈಸ್ ಮೈನ್" ಎಂಬಲ್ಲಿ "ಅದು", ಹಾಗಾಗಿ ಸರ್ವನಾಮ. "ಐ ನೋ ದಟ್ ಹಿ ಕೇಮ್" ಎಂಬಲ್ಲಿ "ಎಂದು", ಹಾಗಾಗಿ ಸಂಯೋಜಕ. "ಇಟ್ ಈಸ್ ನಾಟ್ ದಟ್ ಫಾರ್" ಎಂಬಲ್ಲಿ "ಅಷ್ಟು", ಹಾಗಾಗಿ ಕ್ರಿಯಾವಿಶೇಷಣ. "ದಿ ಬುಕ್ ದಟ್ ಐ ರೆಡ್" ಎಂಬಲ್ಲಿ ಕನ್ನಡದಲ್ಲಿ ಬೇರೆ ಪದವೇ ಇಲ್ಲ. "ನಾನು ಓದಿದ ಪುಸ್ತಕ" ಎಂಬುದರಲ್ಲಿ "ಓದಿದ" ಎಂಬ ಕೃದಂತದೊಳಗೆ ಅದು ಕರಗಿದೆ, ಹಾಗಾಗಿ ಶಾಲಾ ವ್ಯಾಕರಣದ ಮಾತಿನಲ್ಲಿ ಸಂಬಂಧಾರ್ಥಕ ಸರ್ವನಾಮ.

ಕೆಲವು ಪದಗಳಲ್ಲಿ ಉಚ್ಚಾರಣೆಯೇ ವರ್ಗವನ್ನು ಹೇಳುತ್ತದೆ. "ರೆಕಾರ್ಡ್" ಎಂದು ಮೊದಲ ಭಾಗಕ್ಕೆ ಒತ್ತು ಕೊಟ್ಟರೆ ದಾಖಲೆ ಎಂಬ ನಾಮಪದ, "ರಿಕಾರ್ಡ್" ಎಂದು ಎರಡನೆಯ ಭಾಗಕ್ಕೆ ಒತ್ತು ಕೊಟ್ಟರೆ ದಾಖಲಿಸು ಎಂಬ ಕ್ರಿಯಾಪದ. "ಪರ್ಮಿಟ್", "ಪ್ರೆಸೆಂಟ್" ಪದಗಳಿಗೂ ಇದೇ ನಡೆ. "ಯೂಸ್" ಎಂದು "ಸ" ಧ್ವನಿಯಲ್ಲಿ ಮುಗಿದರೆ ನಾಮಪದ, "ಯೂಝ್" ಎಂದು ಮುಗಿದರೆ ಕ್ರಿಯಾಪದ. "ಅಡ್ವೈಸ್" ಪದದಲ್ಲಿ ಈ ವ್ಯತ್ಯಾಸ ಕಾಗುಣಿತಕ್ಕೂ ಇಳಿದಿದೆ: ನಾಮಪದಕ್ಕೆ "ಸಿ" ಅಕ್ಷರ, ಕ್ರಿಯಾಪದಕ್ಕೆ "ಎಸ್" ಅಕ್ಷರ. ನಿಘಂಟು ನೋಡುವಾಗ ಪದದ ಪಕ್ಕದಲ್ಲಿರುವ "ಎನ್", "ವಿ", "ಎಡಿಜೆ", "ಎಡಿವಿ" ಎಂಬ ಸಂಕ್ಷೇಪಗಳನ್ನು ದಾಟಿಹೋಗದೆ ಮೊದಲು ನಿಮ್ಮ ವಾಕ್ಯಕ್ಕೆ ಹೊಂದುವ ವರ್ಗವನ್ನು ಹುಡುಕಿ, ಆಮೇಲೆ ಅರ್ಥಕ್ಕೆ ಹೋಗಬೇಕು.

ಒಂದು ವಾಕ್ಯವನ್ನು ಪೂರ್ತಿಯಾಗಿ ಬಿಡಿಸುವುದು

"ದಿ ಓಲ್ಡ್ ಪೋಸ್ಟ್‌ಮನ್ ವಾಕ್ಡ್ ಸ್ಲೋಲಿ ಅಪ್ ದಿ ಹಿಲ್ ಬಿಫೋರ್ ದಿ ರೇನ್ ಸ್ಟಾರ್ಟೆಡ್, ಆ್ಯಂಡ್ ಹಿ ಗೇವ್ ಅಸ್ ದಿ ಲೆಟರ್ ದಟ್ ವಿ ಹ್ಯಾಡ್ ಬೀನ್ ವೇಟಿಂಗ್ ಫಾರ್." ಮಳೆ ಶುರುವಾಗುವ ಮುಂಚೆ ವಯಸ್ಸಾದ ಅಂಚೆಯವನು ನಿಧಾನವಾಗಿ ಗುಡ್ಡ ಹತ್ತಿ ಬಂದು, ನಾವು ಕಾಯುತ್ತಿದ್ದ ಕಾಗದವನ್ನು ನಮಗೆ ಕೊಟ್ಟನು.

ಕಾಲದ ಪರೀಕ್ಷೆಗೆ ಒಳಪಡಿಸಿದರೆ "ವಾಕ್ಡ್", "ಸ್ಟಾರ್ಟೆಡ್", "ಗೇವ್", "ಹ್ಯಾಡ್ ಬೀನ್ ವೇಟಿಂಗ್" ಎಂಬ ನಾಲ್ಕು ಕ್ರಿಯಾಪದಗಳು ಸಿಗುತ್ತವೆ. ಕೊನೆಯದರಲ್ಲಿ ಎರಡು ಸಹಾಯಕಗಳಿವೆ. ನಾಲ್ಕು ಕ್ರಿಯಾಪದಗಳಿದ್ದರೆ ನಾಲ್ಕು ಉಪವಾಕ್ಯಗಳಿವೆ ಎಂದೂ, ಅವನ್ನು ಕಟ್ಟುವ ಮೂರು ಪದಗಳು ಎಲ್ಲೋ ಇರಬೇಕೆಂದೂ ತಿಳಿಯುತ್ತದೆ. ನಡೆದವರು ಯಾರು ಎಂದರೆ "ಪೋಸ್ಟ್‌ಮನ್", ಕೊಟ್ಟದ್ದೇನು ಎಂದರೆ "ಲೆಟರ್". "ಹಿಲ್", "ರೇನ್" ಕೂಡ "ದಿ"ಯ ಕಾವಲಿನಲ್ಲಿರುವ ನಾಮಪದಗಳು. "ರೇನ್" ಬೇರೆಡೆ ಕ್ರಿಯಾಪದವಾಗಬಲ್ಲದಾದರೂ ಇಲ್ಲಿ ಅದಕ್ಕಿಂತ ಮೊದಲಿರುವ "ದಿ" ಆ ಸಂದೇಹಕ್ಕೆ ಎಡೆಗೊಡುವುದಿಲ್ಲ. "ಹಿ", "ಅಸ್", "ವಿ" ಸರ್ವನಾಮಗಳು. "ದಿ" ಮತ್ತು "ಪೋಸ್ಟ್‌ಮನ್" ನಡುವಿನ "ಓಲ್ಡ್" ಗುಣವಾಚಕ, ನಡೆದ ಬಗೆಯನ್ನು ಹೇಳುವ "ಸ್ಲೋಲಿ" ಕ್ರಿಯಾವಿಶೇಷಣ. "ಅಪ್" ಎಂಬುದನ್ನು ಗುಡ್ಡದ ಆಚೆಗೆ ಸರಿಸಲು ಬರುವುದಿಲ್ಲವಾದ್ದರಿಂದ ಪ್ರಿಪೊಸಿಷನ್. "ಬಿಫೋರ್" ನಂತರ ಕರ್ತೃವೂ ಕ್ರಿಯಾಪದವೂ ಬಂದಿರುವುದರಿಂದ ಅದು ಸಂಯೋಜಕ, "ಆ್ಯಂಡ್" ಸಹ ಸಂಯೋಜಕ, "ಕಾಯುತ್ತಿದ್ದ" ಎಂಬ ಕೃದಂತದಲ್ಲಿ ಕರಗಿದ "ದಟ್" ಸಂಬಂಧಾರ್ಥಕ ಸರ್ವನಾಮ. ಕಟ್ಟುವ ಮೂರು ಪದಗಳ ಲೆಕ್ಕವೂ ಸರಿಹೋಯಿತು.

ಉಳಿದದ್ದು ಕೊನೆಯ "ಫಾರ್". ಪ್ರಿಪೊಸಿಷನ್ನಿನ ನಂತರ ನಾಮಪದ ಇರಬೇಕೆಂದು ಹೇಳಿದ ಮೇಲೆ ಇದರ ನಂತರ ಏನೂ ಇಲ್ಲವಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಸೇರಬೇಕಾದ "ಲೆಟರ್", "ದಟ್" ಎಂಬ ಪ್ರತಿನಿಧಿಯ ಮೂಲಕ ಉಪವಾಕ್ಯದ ಮುಂಭಾಗಕ್ಕೆ ಹೋಗಿದೆ, "ಫಾರ್" ತನ್ನ ಹಳೆಯ ಜಾಗದಲ್ಲಿಯೇ ಉಳಿದಿದೆ. ಕನ್ನಡದಲ್ಲಿ "ಕಾಗದಕ್ಕಾಗಿ ಕಾಯುತ್ತಿದ್ದೆವು" ಎಂಬುದನ್ನು "ನಾವು ಕಾಯುತ್ತಿದ್ದ ಕಾಗದ" ಎಂದು ಮಾಡಿದಾಗ "ಕ್ಕಾಗಿ" ಪೂರ್ಣವಾಗಿ ಬಿದ್ದುಹೋಗುತ್ತದೆ. ಆ ಅಭ್ಯಾಸದಿಂದಲೇ ನಮ್ಮಲ್ಲಿ ಅನೇಕರು "ಫಾರ್" ಬಿಟ್ಟು "ದಿ ಲೆಟರ್ ದಟ್ ವಿ ಹ್ಯಾಡ್ ಬೀನ್ ವೇಟಿಂಗ್" ಎಂದು ನಿಲ್ಲಿಸಿಬಿಡುತ್ತಾರೆ. ಇಂಥ ವಾಕ್ಯ ಬರೆದಾಗಲೆಲ್ಲ ನಾಮಪದವನ್ನು ಮತ್ತೆ ಅದರ ಹಳೆಯ ಜಾಗಕ್ಕೆ ತಂದು ಓದಿ ನೋಡಿ. "ವಿ ವೇಟೆಡ್ ದಿ ಲೆಟರ್" ಎಂಬುದು ನಿಲ್ಲದೆ "ವಿ ವೇಟೆಡ್ ಫಾರ್ ದಿ ಲೆಟರ್" ಎಂಬುದೇ ನಿಂತರೆ, ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ಕಂಡರೂ ಆ "ಫಾರ್" ಅಲ್ಲಿರಲೇಬೇಕು.